ಇಪ್ಪತ್ತೈದು ಸಾವಿರದೊಳಗೆ ಕೈಚಾಲಿತ ಎಸ್ಪ್ರೆಸೊ ಯಂತ್ರ: ಮೊದಲ ಸಲ ಕೊಳ್ಳುವವರು ಯಾವುದನ್ನು ಆರಿಸಬೇಕು?

ವಿದ್ಯಾನಗರ_ಬೆಳಗು

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮದು ನಾಲ್ಕು ಜನರ ಮನೆ. ಅಪ್ಪನಿಗೆ ಚಹಾ ಬಿಟ್ಟು ಬೇರೇನೂ ಬೇಡ. ಅವ್ವನಿಗೆ ಬೆಳಿಗ್ಗೆ ಫಿಲ್ಟರಿನ ಡಿಕಾಕ್ಷನ್‌ಗೆ ಗಟ್ಟಿ ಹಾಲು ಬೆರೆಸಿದ ಕಾಫಿಯೇ ಆಗಬೇಕು. ನನಗೂ ನನ್ನ ಹೆಂಡತಿಗೂ ಬೆಂಗಳೂರಿನಲ್ಲಿ ನೌಕರಿಗಿದ್ದಾಗ ಎಸ್ಪ್ರೆಸೊ (ಒತ್ತಡದಿಂದ ಬಿಸಿನೀರು ಹಾಯಿಸಿ ಇಳಿಸುವ ಗಟ್ಟಿ ಕಾಫಿ) ರೂಢಿಯಾಯಿತು. ಊರಿಗೆ ಮರಳಿದ ಮೇಲೆ ಅದನ್ನು ಮನೆಯಲ್ಲಿಯೇ ಮಾಡಿಕೊಳ್ಳಬೇಕೆಂಬ ಆಸೆ ಇದೆ. ನಾನು ಹಾಲಿಲ್ಲದೆ ಕುಡಿಯುತ್ತೇನೆ. ಅವಳಿಗೆ ನೊರೆಹಾಲಿನ ಕ್ಯಾಪುಚಿನೊ ಬೇಕು.

ಗ್ರೈಂಡರ್ ಸೇರಿ ಒಟ್ಟು ಇಪ್ಪತ್ತೈದು ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ, ಅದನ್ನು ಮೀರುವಂತಿಲ್ಲ. ಅಂಗಡಿಗಳಲ್ಲಿ ವಿಚಾರಿಸಿದರೆ ‘5 ಬಾರ್’, ‘15 ಬಾರ್’, ‘20 ಬಾರ್’ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ವಿದ್ಯುತ್ ಯಂತ್ರಗಳನ್ನು ತೋರಿಸುತ್ತಾರೆ. ಅಂತರ್ಜಾಲದಲ್ಲಿ ಓದಿದರೆ ಫ್ಲೇರ್, ಪಿಕೊಪ್ರೆಸೊ, ಕೆಫೆಲಾಟ್ ರೋಬೋಟ್ ಮುಂತಾದ, ಕೈಯಿಂದಲೇ ಒತ್ತಡ ಕೊಡುವ ಸಾಧನಗಳನ್ನು ಬಹಳ ಜನ ಹೊಗಳುತ್ತಾರೆ. ಬಾರ್ ಸಂಖ್ಯೆ ಹೆಚ್ಚಿದ್ದಷ್ಟೂ ಕಾಫಿ ಚೆನ್ನಾಗಿರುತ್ತದೆಯೇ, ಕೈಯಿಂದ ಒತ್ತುವುದಕ್ಕೆ ಎಷ್ಟು ಬಲ ಬೇಕಾಗುತ್ತದೆ, ಅವ್ವ ತರಿಸುವ ಫಿಲ್ಟರ್ ಕಾಫಿಪುಡಿಯನ್ನೇ ಇದಕ್ಕೂ ಬಳಸಬಹುದೇ, ಉಗಿಯ ಕೊಳವೆ ಇಲ್ಲದ ಸಾಧನದಲ್ಲಿ ಹಾಲಿಗೆ ನೊರೆ ಬರಿಸುವುದು ಹೇಗೆ ಎಂಬ ನಾಲ್ಕು ಸಂಗತಿಗಳು ನನಗೆ ಸ್ಪಷ್ಟವಾಗಬೇಕಾಗಿವೆ. ಈ ಭಾಗದಲ್ಲಿಯೇ ಇದ್ದು ಇವನ್ನು ಬಳಸುತ್ತಿರುವವರು ದಯವಿಟ್ಟು ತಿಳಿಸಬೇಕು.

ಸಪ್ತಾಪುರ_ಕಾಫಿ

ಮೊದಲು ಬಾರ್ ವಿಷಯ ಹೇಳುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಹಣ ದಾರಿ ತಪ್ಪುವುದು ಅಲ್ಲಿಯೇ. ಎಸ್ಪ್ರೆಸೊಗೆ ಬೇಕಾದದ್ದು ಸುಮಾರು 9 ಬಾರ್ ಒತ್ತಡ. ಡಬ್ಬಿಯ ಮೇಲಿನ 15 ಅಥವಾ 20 ಎಂಬುದು ಪಂಪಿನ ಗರಿಷ್ಠ ಸಾಮರ್ಥ್ಯವೇ ಹೊರತು ಕಾಫಿಯ ಮೇಲೆ ಬೀಳುವ ಒತ್ತಡವಲ್ಲ. 5 ಬಾರ್ ಎಂದು ಬರೆದಿರುವ ಅಗ್ಗದ ಯಂತ್ರಗಳಲ್ಲಿ ಸಾಮಾನ್ಯವಾಗಿ ಪಂಪೇ ಇರುವುದಿಲ್ಲ. ಮುಚ್ಚಿದ ಪಾತ್ರೆಯಲ್ಲಿ ನೀರು ಕುದ್ದು ಹುಟ್ಟಿದ ಉಗಿಯೇ ನೀರನ್ನು ತಳ್ಳುವುದರಿಂದ ನೀರು ಅತಿಯಾಗಿ ಕಾದು ಕಾಫಿ ಕಹಿಯಾಗುತ್ತದೆ.

ಇತಿಹಾಸವೂ ಇದನ್ನೇ ಹೇಳುತ್ತದೆ. 1884ರಲ್ಲಿ ಟ್ಯೂರಿನ್ನಿನ ಆಂಜೆಲೊ ಮೊರಿಯೊಂಡೊ, 1901ರಲ್ಲಿ ಮಿಲಾನಿನ ಲೂಯಿಜಿ ಬೆಜ್ಜೆರಾ ಪೇಟೆಂಟ್ ಪಡೆದ ಯಂತ್ರಗಳು ಉಗಿಯ ಒತ್ತಡದಲ್ಲಿ ನಡೆಯುತ್ತಿದ್ದವು. ಅವುಗಳ ಕಾಫಿಯ ಮೇಲೆ ಇಂದಿನ ಹೊಂಬಣ್ಣದ ಕೆನೆ ಇರುತ್ತಿರಲಿಲ್ಲ. ಅಕಿಲ್ಲೆ ಗಾಜ್ಜಿಯಾ 1938ರಲ್ಲಿ ಉಗಿಯಿಲ್ಲದ ವಿಧಾನಕ್ಕೆ ಪೇಟೆಂಟ್ ಪಡೆದು, ಎರಡನೆಯ ಮಹಾಯುದ್ಧದ ನಂತರ ಲಿವರ್ (ಸನ್ನೆಕೋಲಿನಂಥ ಹಿಡಿಕೆ) ಮತ್ತು ಸ್ಪ್ರಿಂಗ್ ಇರುವ ಪಿಸ್ಟನ್ನಿನಿಂದ ನೀರನ್ನು ಒತ್ತಿದಾಗಲೇ ನಾವಿಂದು ಎಸ್ಪ್ರೆಸೊ ಎನ್ನುವ ಪಾನೀಯ ಹುಟ್ಟಿತು. ವಿದ್ಯುತ್ ಪಂಪನ್ನು ಜನಪ್ರಿಯಗೊಳಿಸಿದ ಫೇಮಾ ಕಂಪನಿಯ ಇ-61 ಯಂತ್ರ ಬಂದದ್ದು 1961ರಲ್ಲಿ. ಆದ್ದರಿಂದ ಕೈಯಿಂದ ಒತ್ತುವ ಸಾಧನವನ್ನು ಬಡವರ ಬದಲಿ ವ್ಯವಸ್ಥೆ ಎಂದು ತಿಳಿಯಬೇಕಾಗಿಲ್ಲ. ಮೂಲ ಪದ್ಧತಿಯೇ ಅದು.

ಇನ್ನು ನಿಮ್ಮ ಹಣದ ಹಂಚಿಕೆ. ನೀವು ಯಂತ್ರ ಯಾವುದು ಎಂದು ಕೇಳಿದ್ದೀರಿ, ನಾನು ಗ್ರೈಂಡರ್ ಯಾವುದು ಎಂದು ಮೊದಲು ತೀರ್ಮಾನಿಸಿ ಎನ್ನುತ್ತೇನೆ. ಎಸ್ಪ್ರೆಸೊದಲ್ಲಿ 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 25ರಿಂದ 30 ಸೆಕೆಂಡುಗಳಲ್ಲಿ ಇಳಿಯಬೇಕೆಂಬುದು ಎಲ್ಲರೂ ಆರಂಭಕ್ಕೆ ಹಿಡಿಯುವ ಅಳತೆ. ನೀರನ್ನು ಅಷ್ಟು ಹೊತ್ತು ತಡೆದು ನಿಲ್ಲಿಸುವುದು ಮುಖ್ಯವಾಗಿ ಪುಡಿಯ ನುಣುಪು. ಗ್ರೈಂಡರಿನ ತಿರುಪನ್ನು ಒಂದು ‘ಕ್ಲಿಕ್’ ಸರಿಸಿದಾಗ ಹಲ್ಲುಗಳ ನಡುವಿನ ಅಂತರ ಎಷ್ಟು ಬದಲಾಗುತ್ತದೆ ಎಂಬುದನ್ನು ಕೊಳ್ಳುವ ಮೊದಲು ಕೇಳಿ ತಿಳಿದುಕೊಳ್ಳಿ. ಟೈಮ್‌ಮೋರ್ ಸಿ-2ರಂಥ, ಸೋಸುವ ಕಾಫಿಗೆಂದು ಮಾಡಿದ ಗ್ರೈಂಡರಿನಲ್ಲಿ ಅದು ಸುಮಾರು 80 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಒಂದು ಮೈಕ್ರಾನ್). ಅದೇ ಕಂಪನಿಯ ಸಿ-3 ಇಎಸ್‌ಪಿಯಲ್ಲಿ ಸುಮಾರು 23. ಕಿಂಗ್‌ಗ್ರೈಂಡರ್ ಕೆ-6ರಲ್ಲಿ 16. ಮೊದಲನೆಯದರಲ್ಲಿ ಒಂದು ಕ್ಲಿಕ್ಕಿಗೆ ಕಾಫಿ ಹತ್ತೇ ಸೆಕೆಂಡಿನಲ್ಲಿ ಸುರಿದುಹೋಗುತ್ತದೆ, ಅದರ ಮುಂದಿನ ಕ್ಲಿಕ್ಕಿಗೆ ಒಂದು ಹನಿಯೂ ಇಳಿಯುವುದಿಲ್ಲ. ನಿಮಗೆ ಬೇಕಾದ ಜಾಗ ಅವೆರಡರ ನಡುವೆ ಸಿಕ್ಕಿಕೊಂಡಿರುತ್ತದೆ. ಮಿಕ್ಸರಿನ ಸಣ್ಣ ಜಾರಿನಲ್ಲಿ ಬೀಸಿದರೆ ಅರ್ಧ ಹಿಟ್ಟು, ಅರ್ಧ ರವೆಯಾಗುವುದರಿಂದ ಆ ಯೋಚನೆಯನ್ನೇ ಬಿಡಬೇಕು.

ಕೈಯಿಂದ ತಿರುಗಿಸುವ ಒಳ್ಳೆಯ ಗ್ರೈಂಡರಿಗೆ ಹತ್ತು ಸಾವಿರದವರೆಗೆ ಮೀಸಲಿಡಿ. ತೂಕದ ಕಾಟಾ ಮತ್ತು ಸಣ್ಣಪುಟ್ಟ ಸಾಮಾನುಗಳಿಗೆ ಎರಡು ಸಾವಿರ ಸಾಕು. ಉಳಿದದ್ದರಲ್ಲಿ ಯಂತ್ರ. ಇದೇ ಹಣಕ್ಕೆ ಗ್ರೈಂಡರ್ ಸಹಿತ ವಿದ್ಯುತ್ ಯಂತ್ರ ಕೊಳ್ಳಹೊರಟರೆ ಎರಡರಲ್ಲಿ ಒಂದಂತೂ ಕಳಪೆಯಾಗಿಯೇ ತೀರುತ್ತದೆ.

ಗೋಕುಲರೋಡ್_ಲೇತ್

ಬಲದ ಪ್ರಶ್ನೆಗೆ ಲೆಕ್ಕ ಮಾಡಿಯೇ ಉತ್ತರಿಸುತ್ತೇನೆ, ಊಹೆಯಿಂದಲ್ಲ. 9 ಬಾರ್ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಒಂಬತ್ತು ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು ಭಾರ. ಪಿಸ್ಟನ್ನಿನ ವ್ಯಾಸ 40 ಮಿ.ಮೀ. ಇದ್ದರೆ ಅದರ ಮೇಲೆ ಸುಮಾರು 115 ಕಿಲೋ ಬೀಳಬೇಕು, 46 ಮಿ.ಮೀ. ಆದರೆ ಸುಮಾರು 150; ಕೆಫೆಗಳ ಅಳತೆಯಾದ 58 ಮಿ.ಮೀ. ಆದರೆ 240ರ ಹತ್ತಿರ. ಲಿವರ್ ಈ ಭಾರವನ್ನು ಐದು ಪಟ್ಟು ಇಳಿಸಿಕೊಟ್ಟಿತು ಎಂದು ಇಟ್ಟುಕೊಂಡರೂ 46 ಮಿ.ಮೀ. ಪಿಸ್ಟನ್ನಿಗೆ ನಿಮ್ಮ ಕೈಗೆ ಸುಮಾರು 30 ಕಿಲೋ ಬರುತ್ತದೆ. ತೋಳಿನ ಬಲದಿಂದ ಅಷ್ಟನ್ನು ಅರ್ಧ ನಿಮಿಷ ಒಂದೇ ಸಮನೆ ಹಿಡಿಯುವುದು ಕಷ್ಟ, ಮೈಭಾರ ಬಿಟ್ಟು ಒತ್ತುವುದು ಸುಲಭ. ಹೀಗಾಗಿ ಅಡುಗೆಕಟ್ಟೆಯ ಎತ್ತರ ಮುಖ್ಯ. ಒತ್ತುವವರ ಮೊಣಕೈಗಿಂತ ಲಿವರಿನ ಹಿಡಿಕೆ ಬಹಳ ಮೇಲಿದ್ದರೆ ಮೈಭಾರ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ಮನೆಯವರು ಕಡಿಮೆ ಎತ್ತರದವರಾಗಿದ್ದರೆ ಯಂತ್ರವನ್ನು ಕಟ್ಟೆಯ ಮೇಲಿಡದೆ, ಅಲುಗಾಡದ ಒಂದು ತಗ್ಗಿನ ಮೇಜಿನ ಮೇಲೆ ಇಡಿ. ಕೆಫೆಲಾಟ್ ರೋಬೋಟಿನಲ್ಲಿ ಎರಡೂ ಬದಿಗೆ ತೋಳುಗಳಿರುವುದರಿಂದ ಭಾರ ಎರಡು ಕೈಗಳಿಗೆ ಸಮನಾಗಿ ಹಂಚಿಹೋಗುತ್ತದೆ, ಯಂತ್ರ ಮಗ್ಗುಲಿಗೆ ವಾಲುವುದೂ ಇಲ್ಲ. ಆದರೆ ಹೊರದೇಶದಿಂದ ತರಿಸಿದರೆ ಸಾಗಣೆ, ಸುಂಕ ಸೇರಿ ಅದೊಂದೇ ನಿಮ್ಮ ಇಪ್ಪತ್ತೈದು ಸಾವಿರವನ್ನು ದಾಟುತ್ತದೆ.

ಇನ್ನೊಂದು ಮಾತು. ಈಗ ಹೆಸರಿಲ್ಲದ ನಕಲು ಲಿವರ್ ಸಾಧನಗಳು ಬಹಳ ಬಂದಿವೆ. ಅಂಥದ್ದೊಂದು ರಿಪೇರಿಗೆಂದು ನನ್ನ ಬಳಿ ಬಂದಿತ್ತು. ಸಿಲಿಂಡರಿನ ಒಳಮೈಗೆ ಕೊಟ್ಟಿದ್ದ ಹೊಳಪಿನ ಲೇಪ ಓ-ರಿಂಗ್ (ನೀರು ಸೋರದಂತೆ ಪಿಸ್ಟನ್ನಿಗೆ ಹಾಕುವ ಬಳೆ) ಓಡಾಡುವ ಜಾಗದಲ್ಲಿ ಪಟ್ಟಿಯಾಗಿ ಎದ್ದು, ಅಡಿಯ ಲೋಹ ಕಾಣುತ್ತಿತ್ತು. ಬೆರಳಿನಿಂದ ಸವರಿದರೆ ಉಗುರಿಗೆ ಸಿಗುವಷ್ಟು ಅಂಚು. ಆ ಅಂಚೇ ರಿಂಗನ್ನು ಕತ್ತರಿಸಿತ್ತು, ಲೇಪದ ಚೂರುಗಳು ಕಾಫಿಯೊಳಗೆ ಹೋಗಿದ್ದವು. ಆದ್ದರಿಂದ ಕಾಫಿನೀರು ಮುಟ್ಟುವ ಭಾಗಗಳು ಗಟ್ಟಿ ಸ್ಟೇನ್‌ಲೆಸ್ ಉಕ್ಕಿನವೇ ಎಂದು ಖಚಿತಪಡಿಸಿಕೊಳ್ಳದೆ ಕೊಳ್ಳಬೇಡಿ. ನಿಲುವಿನ ಚೌಕಟ್ಟು ಪ್ಲಾಸ್ಟಿಕ್ಕಿನದಾದರೂ ನಡೆಯುತ್ತದೆ, ಸಿಲಿಂಡರ್ ಮತ್ತು ಪಿಸ್ಟನ್ ಮಾತ್ರ ರಾಜಿಯಿಲ್ಲದಂತಿರಬೇಕು. ಬಿಡಿಭಾಗಗಳು ಬಿಡಿಯಾಗಿ ಸಿಗುತ್ತವೆಯೇ ಎಂದು ಮೊದಲೇ ಕೇಳಿ. ಸಿಗದಿದ್ದರೆ ಆ ಸಾಧನದ ಆಯುಷ್ಯ ಒಂದು ರಿಂಗಿನ ಆಯುಷ್ಯವಷ್ಟೇ.

ಹಾವೇರಿ_ಏಲಕ್ಕಿ

ಮೇಲಿನ ಇಬ್ಬರು ಹೇಳಿದ್ದೂ ಸರಿಯಾಗಿದೆ, ಆದರೂ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸಬೇಕು. ಕೈಚಾಲಿತ ಸಾಧನವನ್ನು ಹೊಗಳುವವರಲ್ಲಿ ಹೆಚ್ಚಿನವರು ಒಬ್ಬರಿಗಾಗಿ ಒಂದು ಕಪ್ ಮಾಡಿಕೊಳ್ಳುವವರು. ನೀರು ಕಾಯಿಸಬೇಕು, ಸಿಲಿಂಡರನ್ನು ಬಿಸಿ ಮಾಡಬೇಕು, ಬೀಜ ಬೀಸಬೇಕು, ತೂಗಬೇಕು, ಒತ್ತಬೇಕು, ಬಿಸಿ ಭಾಗಗಳನ್ನು ಬಿಚ್ಚಿ ತೊಳೆಯಬೇಕು. ಕೈ ಪಳಗಿದ ಮೇಲೂ ಒಂದು ಕಪ್ಪಿಗೆ ಆರೇಳು ನಿಮಿಷ ಬೇಕಾಗುತ್ತದೆ. ಎರಡನೆಯ ಕಪ್ಪಿಗೆ ಇದೆಲ್ಲವನ್ನೂ ಮತ್ತೆ ಮಾಡಬೇಕು. ನಮ್ಮ ಕಡೆ ಮನೆಗೆ ಬಂದವರನ್ನು ಏನೂ ಕೊಡದೆ ಕಳಿಸುವ ರೂಢಿ ಇಲ್ಲ. ನಾಲ್ಕು ಜನ ಬಂದು ಕುಳಿತಾಗ ಲಿವರ್ ಒತ್ತುತ್ತ ನಿಂತರೆ ಮೊದಲನೆಯವರ ಕಾಫಿ ಆರುವ ಹೊತ್ತಿಗೆ ಕೊನೆಯವರಿಗೆ ಕಪ್ ಸಿಗುತ್ತದೆ.

ನಮ್ಮ ಮನೆಯಲ್ಲಿ ಎಲ್ಲರೂ ಹಾಲಿನ ಕಾಫಿಯವರು. ನಾನು ಪಂಪ್ ಮತ್ತು ಉಗಿಕೊಳವೆ ಇರುವ, ಡೆಲಾಂಗಿ ಡೆಡಿಕಾದಂಥ 51 ಮಿ.ಮೀ. ಬಾಸ್ಕೆಟಿನ (ಪುಡಿ ತುಂಬುವ ಜರಡಿ ಬಟ್ಟಲಿನ) ಸಣ್ಣ ವಿದ್ಯುತ್ ಯಂತ್ರದಲ್ಲಿ ಮಾಡುತ್ತೇನೆ. ಅದರ ಜೊತೆ ಬರುವ ಎರಡು ಪದರದ ಬಾಸ್ಕೆಟ್ ತನ್ನ ಒಂದೇ ಸಣ್ಣ ರಂಧ್ರದಿಂದ ಒತ್ತಡವನ್ನು ತಾನೇ ಹುಟ್ಟಿಸುವುದರಿಂದ ಪುಡಿ ಸ್ವಲ್ಪ ತರಿಯಾಗಿದ್ದರೂ ಕೆನೆ ಬರುತ್ತದೆ. ಹಾಲಿಲ್ಲದೆ ಕುಡಿದರೆ ರುಚಿ ಅಷ್ಟು ಆಳವಾಗಿರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಹಾಲಿನಲ್ಲಿ ಅದು ನಮಗೆ ಧಾರಾಳವಾಗಿ ಸಾಕು. ಆದ್ದರಿಂದ ದಿನಕ್ಕೆ ಎಷ್ಟು ಕಪ್, ಅವುಗಳಲ್ಲಿ ಎಷ್ಟು ಹಾಲಿನವು ಎಂಬುದನ್ನು ಎಣಿಸಿದ ಮೇಲೆಯೇ ಲಿವರ್ ಬೇಕೇ ಎಂದು ತೀರ್ಮಾನಿಸಿರಿ.

ಬೆಟಗೇರಿ_ಓದುಗ

ನೀರಿನ ಮಾತು ಯಾರೂ ಎತ್ತಲಿಲ್ಲ, ನಮ್ಮ ಜಿಲ್ಲೆಗಳಲ್ಲಿ ಅದನ್ನು ಬಿಟ್ಟು ಯಂತ್ರ ಆರಿಸುವುದು ಸರಿಯಲ್ಲ. ಗದಗ-ಬೆಟಗೇರಿಗೆ ತುಂಗಭದ್ರೆಯ ನೀರು ಬಂದರೂ ಬಹಳ ಮನೆಗಳಲ್ಲಿ ನಡುನಡುವೆ ಬೋರ್‌ವೆಲ್ ನೀರನ್ನೇ ಆಶ್ರಯಿಸಬೇಕಾಗುತ್ತದೆ. ಅದು ಗಡಸು ನೀರು; ಚಹಾದ ಪಾತ್ರೆಯ ತಳದಲ್ಲಿಯೇ ಬಿಳಿಯ ಪದರ ಕಟ್ಟುತ್ತದೆ. ವಿದ್ಯುತ್ ಯಂತ್ರದೊಳಗೆ ನೀರು ಕಾಯುವ ದಾರಿ ಬಹಳ ಕಿರಿದು. ಅಲ್ಲಿ ಸುಣ್ಣ ಕಟ್ಟಿದರೆ ಕಣ್ಣಿಗೆ ಕಾಣುವುದಿಲ್ಲ, ನೀರು ನಿಂತ ದಿನವೇ ತಿಳಿಯುವುದು. ಕೈಚಾಲಿತ ಸಾಧನದಲ್ಲಿ ಬಾಯ್ಲರೇ ಇಲ್ಲ. ಸುಣ್ಣ ಕಟ್ಟಿದರೆ ನೀರು ಕಾಯಿಸುವ ಕೆಟಲಿಗೆ ಕಟ್ಟುತ್ತದೆ, ಒಂದು ಚಮಚ ನಿಂಬೆ ಉಪ್ಪು ಹಾಕಿ ಕುದಿಸಿದರೆ ಬಿಟ್ಟುಹೋಗುತ್ತದೆ.

ಆರ್‌ಒ ನೀರನ್ನು ನೇರವಾಗಿ ಬಳಸಿದರೆ ಸುಣ್ಣದ ಕಾಟ ತಪ್ಪುತ್ತದೆ, ಆದರೆ ಕಾಫಿ ಸಪ್ಪೆಯಾಗುತ್ತದೆ. ರುಚಿಯನ್ನು ಸೆಳೆದುಕೊಳ್ಳಲು ನೀರಿನಲ್ಲಿ ಸ್ವಲ್ಪ ಖನಿಜಾಂಶ ಇರಲೇಬೇಕು. ಕಾಫಿಗೆ ಟಿಡಿಎಸ್ (ನೀರಿನಲ್ಲಿ ಕರಗಿರುವ ಖನಿಜಗಳ ಪ್ರಮಾಣ) 75ರಿಂದ 250ರೊಳಗೆ, ಹೆಚ್ಚುಕಡಿಮೆ 150ರ ಆಸುಪಾಸಿನಲ್ಲಿರುವ ನೀರು ಒಳ್ಳೆಯದೆಂದು ಪರಿಗಣಿಸಲಾಗುತ್ತದೆ. ನಾನು ಆರ್‌ಒ ನೀರಿಗೆ ನದಿಯ ನೀರನ್ನು ಬೆರೆಸಿ ಬಳಸುತ್ತೇನೆ. ಹುಬ್ಬಳ್ಳಿ-ಧಾರವಾಡದವರಿಗೆ ಮಲಪ್ರಭೆಯ ನೀರು ಬರುವ ಕಡೆ ಈ ಚಿಂತೆ ಕಡಿಮೆ.

ಕರೆಂಟಿನ ವಿಷಯವೂ ಇದಕ್ಕೆ ಸೇರಿದ್ದೇ. ವಿದ್ಯುತ್ ಯಂತ್ರಗಳು ಸಾವಿರದಿಂದ ಒಂದೂವರೆ ಸಾವಿರ ವ್ಯಾಟ್ ಎಳೆಯುತ್ತವೆ. ದೀಪ, ಫ್ಯಾನುಗಳಿಗೆಂದು ಹಾಕಿಸಿದ ಮನೆಯ ಇನ್ವರ್ಟರ್ ಅದನ್ನು ತಾಳುವುದಿಲ್ಲ. ಲಿವರಿಗೆ ಗ್ಯಾಸ್ ಒಲೆಯ ಮೇಲೆ ಕುದಿಸಿದ ನೀರು ಸಾಕು.

ವಿದ್ಯಾನಗರ_ಬೆಳಗು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಏಲಕ್ಕಿ ಮೇಡಂ ಅವರು ಹೇಳಿದಂತೆ ಎಣಿಸಿದೆ. ಬೆಳಿಗ್ಗೆ ಎರಡು, ಸಂಜೆ ಹೆಚ್ಚೆಂದರೆ ಒಂದು. ಅವುಗಳಲ್ಲಿ ಹಾಲಿನದು ಒಂದೇ. ಬಂದವರಿಗೆ ಅವ್ವನ ಫಿಲ್ಟರ್ ಕಾಫಿಯೋ ಅಪ್ಪನ ಚಹಾವೋ ಇದ್ದೇ ಇರುತ್ತದೆ. ಹಾಗಾಗಿ ಲಿವರಿನ ಕಡೆಗೇ ಮನಸ್ಸು ವಾಲಿದೆ. ಫ್ಲೇರ್ ನಿಯೋ, ಫ್ಲೇರ್ ಕ್ಲಾಸಿಕ್, ಪಿಕೊಪ್ರೆಸೊ ಈ ಮೂರರಲ್ಲಿ ಮೊದಲ ಸಲ ಕೊಳ್ಳುವವರಿಗೆ ಯಾವುದು ಹೊಂದುತ್ತದೆ? ಕಾಫಿಪುಡಿಯ ಪ್ರಶ್ನೆಗೂ ಯಾರಾದರೂ ಉತ್ತರಿಸಿದರೆ ಉಪಕಾರವಾಗುತ್ತದೆ.

ಉಣಕಲ್_ಸಂಜೆ

ಪುಡಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಫಿಲ್ಟರ್ ಕಾಫಿಪುಡಿಯಲ್ಲಿ ಚಿಕೋರಿ ಇದ್ದರೆ ಎಸ್ಪ್ರೆಸೊಗೆ ಅದನ್ನು ಹಾಕಲೇಬಾರದು. ಚಿಕೋರಿ ನೀರು ತಾಕಿದೊಡನೆ ಅಂಟಾಗಿ ಪುಡಿಯ ನಡುವಿನ ದಾರಿಗಳನ್ನು ಮುಚ್ಚುತ್ತದೆ, ನೀವೆಷ್ಟು ಒತ್ತಿದರೂ ಕಾಫಿ ಸರಿಯಾಗಿ ಇಳಿಯುವುದಿಲ್ಲ. ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದಲೇ ನಿಧಾನವಾಗಿ ಸೋಸಿ ಇಳಿಯುವುದರಿಂದ ಅಲ್ಲಿ ಚಿಕೋರಿ ಗಟ್ಟಿತನ ಕೊಡುತ್ತದೆ. ಇಲ್ಲಿ ಅದೇ ಗುಣ ಅಡ್ಡಿಯಾಗುತ್ತದೆ. ಚಿಕೋರಿ ಇಲ್ಲದ ಪುಡಿಯಾದರೂ ನಿಮ್ಮ ಬಾಸ್ಕೆಟಿಗೆ ತಕ್ಕ ನುಣುಪು ಅಂಗಡಿಯ ಪುಡಿಯಲ್ಲಿ ಸಿಗುವುದು ಅಪರೂಪ, ಬೀಸಿದ ಪುಡಿಯ ಪರಿಮಳವೂ ಬೇಗ ಹಾರಿಹೋಗುತ್ತದೆ. ಹಾಗಾಗಿ ಬೀಜ ತರಿಸಿ ಆಗಿಂದಾಗ ಬೀಸಿಕೊಳ್ಳಿ.

ಈ ವಿಷಯದಲ್ಲಿ ನಾವು ಭಾಗ್ಯವಂತರು. ದೇಶದ ಕಾಫಿಯ ಸುಮಾರು ಶೇ. 70ರಷ್ಟು ನಮ್ಮ ರಾಜ್ಯದ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲೇ ಬೆಳೆಯುತ್ತದೆ. ಚಿಕ್ಕಮಗಳೂರಿನ ಕಡೆಯಿಂದ ಬೀಜ ತರಿಸಿದರೆ ಹುರಿದ ವಾರದೊಳಗೆ ಹುಬ್ಬಳ್ಳಿ ಮುಟ್ಟುತ್ತದೆ. ಪೊಟ್ಟಣದ ಮೇಲೆ ಹುರಿದ ದಿನಾಂಕ ಇಲ್ಲದಿದ್ದರೆ ಕೊಳ್ಳಬೇಡಿ. ಹುರಿದ ಮಾರನೆಯ ದಿನವೇ ಬಳಸುವುದೂ ಒಳ್ಳೆಯದಲ್ಲ. ಬೀಜದೊಳಗಿನ ಅನಿಲ ಹೊರಹೋಗಲು ಒಂದು ವಾರ, ಹತ್ತು ದಿನ ಬಿಡಿ. ಮೊದಲಿಗೆ ಮಧ್ಯಮಕ್ಕಿಂತ ತುಸು ಕಪ್ಪಗೆ ಹುರಿದ ಅರೇಬಿಕಾ ತರಿಸಿ, ಪೊಟ್ಟಣದ ಮೇಲೆ ‘ಸೆಲೆಕ್ಷನ್ 795’ ಎಂದಿದ್ದರೆ ಅದು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಿಂದ ಬಂದ ತಳಿ. ಮೇಲೆ ದಪ್ಪ ಕೆನೆ ಬೇಕೆನಿಸಿದರೆ ಐದರಲ್ಲಿ ಒಂದು ಪಾಲು ಒಳ್ಳೆಯ ರೊಬಸ್ಟಾ ಸೇರಿಸಿ. ರೊಬಸ್ಟಾ ಎಂದರೆ ಕೀಳು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ, ಆದರೆ ಇಟಲಿಯ ಎಷ್ಟೋ ಎಸ್ಪ್ರೆಸೊ ಮಿಶ್ರಣಗಳಲ್ಲಿ ಅದು ಇರುತ್ತದೆ. ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡು ಪಟ್ಟು ಇರುವುದರಿಂದ ಸಂಜೆಯ ಕಪ್ಪಿಗೆ ಮಾತ್ರ ಅದನ್ನು ಹಾಕಬೇಡಿ.

ಸಪ್ತಾಪುರ_ಕಾಫಿ

ಮೂರರಲ್ಲಿ ನಿಮಗೆ ನಿಯೋ ಸಾಕು ಎಂಬುದು ನನ್ನ ಅಭಿಪ್ರಾಯ. ಕಾರಣ ಹೇಳುತ್ತೇನೆ. ಪಿಕೊಪ್ರೆಸೊ ಬಹಳ ಚೆನ್ನಾದ ಸಾಧನ, 52 ಮಿ.ಮೀ. ಬಾಸ್ಕೆಟಿನಲ್ಲಿ 18 ಗ್ರಾಂ ಪುಡಿ ಹಿಡಿಯುತ್ತದೆ, ಕೈಚೀಲದಲ್ಲಿ ಹೋಗುತ್ತದೆ. ಆದರೆ ಅದನ್ನು ಅಂಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಪಂಪ್ ಮಾಡಬೇಕಾದ್ದರಿಂದ ಒತ್ತಡ ಒಂದೇ ಸಮನಿರುವುದು ಕಷ್ಟ, ಮತ್ತು ಪುಡಿ ಸರಿಯಿಲ್ಲದಿದ್ದರೆ ಅದು ಸ್ವಲ್ಪವೂ ಕ್ಷಮಿಸುವುದಿಲ್ಲ. ಊರೂರು ತಿರುಗುವವರಿಗೆ ಅದೇ ಒಳ್ಳೆಯದು. ಕ್ಲಾಸಿಕ್ಕಿನ ಚೌಕಟ್ಟು ಲೋಹದ್ದು, ಬಾಳಿಕೆ ಹೆಚ್ಚು, ಒತ್ತಡ ತೋರಿಸುವ ಮೀಟರಿನೊಂದಿಗೂ ಸಿಗುತ್ತದೆ. ಆದರೆ ಅದನ್ನು ಆರಿಸಿದರೆ ನಿಮ್ಮ ಗ್ರೈಂಡರಿನ ಹಣ ಕರಗುತ್ತದೆ. ನಿಯೋ ಫ್ಲೆಕ್ಸ್ ಮಾದರಿಯಲ್ಲಿ ಎರಡು ಬಗೆಯ ಪೋರ್ಟಾಫಿಲ್ಟರ್ (ಬಾಸ್ಕೆಟನ್ನು ಹಿಡಿಯುವ ಭಾಗ) ಕೊಡುತ್ತಾರೆ. ಒಂದು, ಸಣ್ಣ ರಂಧ್ರದಿಂದ ಹರಿವನ್ನು ತಾನೇ ತಡೆಯುವಂಥದ್ದು. ಇನ್ನೊಂದು, ತಳ ತೆರೆದಿರುವಂಥದ್ದು. ಮೊದಲ ಕೆಲವು ವಾರ ತಡೆಯಿರುವುದರಲ್ಲಿ ಮಾಡಿ, ಬೀಸುವುದು ಹದಕ್ಕೆ ಬಂದ ಮೇಲೆ ತಳ ತೆರೆದದ್ದಕ್ಕೆ ಬರಬಹುದು. ಕಲಿಯುವವರಿಗೆ ಈ ಅನುಕೂಲ ದೊಡ್ಡದು.

ಇನ್ನು ಬಿಸಿಯ ವಿಷಯ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 670 ಮೀಟರ್, ಧಾರವಾಡ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 97–98ಕ್ಕೇ ಕುದಿಯುತ್ತದೆ. ತಣ್ಣಗಿರುವ ಉಕ್ಕಿನ ಸಿಲಿಂಡರಿಗೆ ಆ ನೀರನ್ನು ಸುರಿದರೆ ಅದು ಥಟ್ಟನೆ ಹತ್ತು ಡಿಗ್ರಿಗಿಂತ ಹೆಚ್ಚು ಇಳಿಯಬಹುದು, ಎಸ್ಪ್ರೆಸೊಗೆ ಬೇಕಾದದ್ದು 90ರಿಂದ 96. ಕಾಫಿ ಹುಳಿಯಾಯಿತೆಂದು ಹೊಸಬರು ಬೀಜವನ್ನು ದೂರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಸಿಲಿಂಡರನ್ನು ಕೆಟಲಿನ ಬಾಯಿಯ ಮೇಲಿಟ್ಟು ಉಗಿಯಲ್ಲಿ ಚೆನ್ನಾಗಿ ಕಾಯಿಸಿಕೊಂಡು, ಕುದಿಯುತ್ತಿರುವ ನೀರನ್ನೇ ತಡಮಾಡದೆ ಹಾಕಿ. ಡಬ್ಬಿಯಲ್ಲಿನ ಸೂಚನೆಯನ್ನು ನೋಡಿ ನೀರನ್ನು ಆರಲು ಬಿಡುವ ಅಗತ್ಯ ನಮ್ಮ ಊರುಗಳಲ್ಲಿ ಇಲ್ಲ.

ಒತ್ತುವಾಗ ಮೊದಲು ಮೆಲ್ಲಗೆ, ಪುಡಿ ಪೂರ್ತಿ ತೊಯ್ಯುವಷ್ಟು ಮಾತ್ರ ಒತ್ತಿ; ತಳದಲ್ಲಿ ಮೊದಲ ಕಪ್ಪು ಹನಿಗಳು ಕಾಣಿಸಿಕೊಂಡ ಮೇಲೆ ಭಾರ ಬಿಡಿ. ಸರಿಯಾದ ಶಾಟ್ (ಒಂದು ಸಲ ಒತ್ತಿದಾಗ ಇಳಿಯುವ ಕಾಫಿ) ಮೊದಲು ಹನಿಹನಿಯಾಗಿ ತೊಡಗಿ, ಆಮೇಲೆ ಜೇನಿನ ಎಳೆಯಂತೆ ಕಡಿಯದೆ ಇಳಿಯುತ್ತದೆ, ಕೊನೆಗೆ ಬಣ್ಣ ತಿಳಿಯಾಗುತ್ತದೆ. ಆದ ಮೇಲೆ ಬಾಸ್ಕೆಟಿನಲ್ಲಿ ಉಳಿದ ಪುಡಿಯ ಬಿಲ್ಲೆಯನ್ನು ನೋಡದೆ ಎಸೆಯಬೇಡಿ. ಮೇಲ್ಮೈಯಲ್ಲಿ ಸೂಜಿ ಚುಚ್ಚಿದಂಥ ತೂತೋ ಅಂಚಿನಲ್ಲಿ ಕೆಸರೋ ಇದ್ದರೆ ನೀರು ಒಂದೇ ಕಡೆ ದಾರಿ ಮಾಡಿಕೊಂಡು ಹೋಗಿದೆ ಎಂದರ್ಥ. ಮುಂದಿನ ಸಲ ತೆಳುವಾದ ಸೂಜಿಯಿಂದ ಪುಡಿಯ ಗಂಟುಗಳನ್ನು ಬಿಡಿಸಿ, ಮಟ್ಟಸ ಮಾಡಿ, ನೇರವಾಗಿ ಅದುಮಿ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂಬುದು ನೇರವಾಗಿ ಕೈಗೇ ತಿಳಿಯುವುದರಿಂದ ಪುಡಿ ನುಣ್ಣಗಾಯಿತೋ ತರಿಯಾಯಿತೋ ಎಂಬ ಪಾಠ ಬಲುಬೇಗ ಬರುತ್ತದೆ. ಗುಂಡಿ ಒತ್ತುವ ಯಂತ್ರದಲ್ಲಿ ಈ ಅರಿವು ಇಷ್ಟು ಬೇಗ ಬರುವುದಿಲ್ಲ, ಹೊಸಬರಿಗೆ ನಾನು ಲಿವರನ್ನು ಒತ್ತಾಯಿಸಿ ಹೇಳುವುದು ಈ ಕಾರಣಕ್ಕಾಗಿಯೇ.

ಹಾವೇರಿ_ಏಲಕ್ಕಿ

ಹಾಲಿನದು ಒಂದೇ ಕಪ್ ಎಂದಾದರೆ ನನ್ನ ಆಕ್ಷೇಪವನ್ನು ಹಿಂತೆಗೆದುಕೊಳ್ಳುತ್ತೇನೆ. ಉಗಿಕೊಳವೆ ಇಲ್ಲದಿದ್ದರೂ ನೊರೆ ಬರಿಸಬಹುದು. ಒಂದು ಸಣ್ಣ ಫ್ರೆಂಚ್ ಪ್ರೆಸ್ (ಜಾಲರಿಯ ಒತ್ತುಗೋಲಿರುವ ಕಾಫಿ ಪಾತ್ರೆ) ತೆಗೆದುಕೊಳ್ಳಿ. ಹಾಲನ್ನು 60–65 ಡಿಗ್ರಿಯವರೆಗೆ ಮಾತ್ರ ಕಾಯಿಸಿ. ಪಾತ್ರೆಯನ್ನು ಮುಟ್ಟಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕೆನಿಸುವ ಬಿಸಿ ಅದು. ಉಕ್ಕಿಸಿದರೆ ನೊರೆ ನಿಲ್ಲುವುದಿಲ್ಲ, ಹಾಲಿನ ಸಿಹಿಯೂ ಹೋಗುತ್ತದೆ. ಪ್ರೆಸ್ಸಿನಲ್ಲಿ ಮೂರರಲ್ಲಿ ಒಂದು ಭಾಗ ಮಾತ್ರ ತುಂಬಿಸಿ, ಜಾಲರಿಯನ್ನು ಹಾಲಿನ ಮೇಲ್ಮೈಯ ಹತ್ತಿರ ಸಣ್ಣದಾಗಿ, ವೇಗವಾಗಿ ಮೇಲೆಕೆಳಗೆ ಆಡಿಸಿ. ಇಪ್ಪತ್ತು ಮೂವತ್ತು ಸೆಕೆಂಡಿನಲ್ಲಿ ಹಾಲು ಉಬ್ಬುತ್ತದೆ. ಆಮೇಲೆ ತಳವನ್ನು ಕಟ್ಟೆಗೆ ಎರಡು ಸಲ ತಟ್ಟಿ ದೊಡ್ಡ ಗುಳ್ಳೆಗಳನ್ನು ಒಡೆದು, ತಿರುಗಿಸುತ್ತ ಸುರಿಯಿರಿ.

ನಮ್ಮ ಕಡೆ ಮನೆಮನೆಗೆ ಬರುವುದು ಹೆಚ್ಚಾಗಿ ಎಮ್ಮೆಯ ಹಾಲು. ಕೊಬ್ಬು ಹೆಚ್ಚಿರುವುದರಿಂದ ಕಾಫಿಗೆ ಒಳ್ಳೆಯ ದಪ್ಪ ಕೊಡುತ್ತದೆ, ಆದರೆ ಕಾಯಿಸಿ ಇಟ್ಟ ಹಾಲಿನ ಕೆನೆಪದರ ಜಾಲರಿಗೆ ಮೆತ್ತಿಕೊಂಡು ನೊರೆ ಬರಗೊಡುವುದಿಲ್ಲ. ಕೆನೆ ತೆಗೆದು, ಸೋಸಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿದ ಹಾಲನ್ನು ಮತ್ತೆ ಬಿಸಿಗೇರಿಸಿ ಬಳಸಿದರೆ ಚೆನ್ನಾಗಿ ಬರುತ್ತದೆ. ಮತ್ತು ದಯವಿಟ್ಟು ನಿಮ್ಮ ಅವ್ವನವರ ಫಿಲ್ಟರ್ ಕಾಫಿಯ ಬದಲಿಗೆ ಇದನ್ನು ತರಬೇಡಿ. ಅದು ಬೇರೆ ಪಾನೀಯ, ತನ್ನಷ್ಟಕ್ಕೆ ಪೂರ್ಣವಾದದ್ದು.

ಗೋಕುಲರೋಡ್_ಲೇತ್

ಕೊಂಡ ಮೇಲೆ ಜೋಪಾನ ಮಾಡುವ ಬಗೆ ಹೇಳಿಬಿಡುತ್ತೇನೆ. ಒತ್ತಡ ಉಳಿದಿರುವಾಗ ಯಾವ ಭಾಗವನ್ನೂ ಬಿಚ್ಚಬೇಡಿ. ಪುಡಿ ಅತಿ ನುಣ್ಣಗಾಗಿ ಲಿವರ್ ಅರ್ಧದಲ್ಲಿ ನಿಂತರೆ ಅದರ ಮೇಲೆ ಜೋತುಬೀಳುವ ಬದಲು ಮೆಲ್ಲಗೆ ಲಿವರನ್ನು ಮೇಲೆತ್ತಿ, ಒಂದೆರಡು ನಿಮಿಷ ಬಿಟ್ಟು ಬಿಚ್ಚಿ; ಒಳಗಿನ ನೀರು ಆಗಲೂ ಸುಡುವಷ್ಟು ಬಿಸಿಯಾಗಿರುತ್ತದೆ. ಓ-ರಿಂಗ್ ಹೊಸದಿದ್ದಾಗ ಅದರ ಅಡ್ಡಕೊಯ್ತ ಗುಂಡಗಿರುತ್ತದೆ, ಸವೆದಾಗ ಹೊರಮೈ ಚಪ್ಪಟೆಯಾಗಿ ಹೊಳೆಯುತ್ತದೆ. ಪಿಸ್ಟನ್ನಿನ ಮೇಲ್ಭಾಗದಿಂದ ನೀರು ಜಿನುಗತೊಡಗಿದರೆ ಅದನ್ನು ಬದಲಿಸುವ ಕಾಲ ಬಂತೆಂದು ತಿಳಿಯಿರಿ. ಹುಬ್ಬಳ್ಳಿಯ ಅಂಗಡಿಗಳಲ್ಲಿ ಅಳತೆಗೆ ಹೊಂದುವ ಕಪ್ಪು ರಬ್ಬರಿನ ರಿಂಗು ಸುಲಭವಾಗಿ ಸಿಗುತ್ತದೆ, ಆದರೆ ಅದು ಯಂತ್ರಗಳ ಎಣ್ಣೆಗೆಂದು ಮಾಡಿದ್ದು. ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ರಿಂಗನ್ನೇ ಕೇಳಿ ತರಬೇಕು. ಯಂತ್ರದ ಜೊತೆಗೇ ಒಂದು ಜೊತೆ ಹೆಚ್ಚುವರಿ ರಿಂಗ್ ತರಿಸಿಟ್ಟುಕೊಳ್ಳುವುದು ಎಲ್ಲಕ್ಕಿಂತ ಉತ್ತಮ.

ಪುಡಿಯನ್ನು ಅದುಮುವ ಟ್ಯಾಂಪರಿಗೆ ಪ್ರತ್ಯೇಕವಾಗಿ ಹಣ ಸುರಿಯಬೇಡಿ. ಜೊತೆಗೆ ಬರುವ ಪ್ಲಾಸ್ಟಿಕ್ಕಿನದು ಸರಿಹೋಗದಿದ್ದರೆ ಬಾಸ್ಕೆಟ್ಟನ್ನು ಯಾವುದಾದರೂ ಲೇತ್ ಇರುವ ವರ್ಕ್‌ಶಾಪಿಗೆ ಒಯ್ಯಿರಿ. ವರ್ನಿಯರ್ ಅಳತೆ ಸಾಧನದಲ್ಲಿ ಒಳವ್ಯಾಸ ಅಳೆದು, ಅದಕ್ಕಿಂತ ಕಾಲು ಮಿಲಿಮೀಟರ್ ಕಡಿಮೆಗೆ 304 ಸ್ಟೇನ್‌ಲೆಸ್ ಸರಳಿನಲ್ಲಿ ತಿರುವಿ ಕೊಡುತ್ತಾರೆ.

ವಿದ್ಯಾನಗರ_ಬೆಳಗು

ಎಲ್ಲರ ಸಲಹೆಯನ್ನೂ ಹೆಂಡತಿಯೊಂದಿಗೆ ಕುಳಿತು ಓದಿದೆ. ಈ ತಿಂಗಳು ಗ್ರೈಂಡರ್ ಮತ್ತು ಕಾಟಾ, ಮುಂದಿನ ತಿಂಗಳು ನಿಯೋ ಫ್ಲೆಕ್ಸ್ ತರಿಸುವುದೆಂದು ನಿಶ್ಚಯಿಸಿದ್ದೇವೆ. ಲಿವರ್ ಬರುವವರೆಗೆ ಆ ಗ್ರೈಂಡರನ್ನು ಸುಮ್ಮನೆ ಇಡಬೇಕೇ, ಅಥವಾ ಬೇರೆ ಕೆಲಸಕ್ಕೆ ಬಳಸಿದರೆ ಅದರ ಹಲ್ಲುಗಳಿಗೆ ತೊಂದರೆಯಾಗುತ್ತದೆಯೇ?

ಸಪ್ತಾಪುರ_ಕಾಫಿ

ಅವಶ್ಯವಾಗಿ ಬಳಸಿರಿ, ಕಾಫಿಬೀಜಕ್ಕೆ ಮಾತ್ರ. ಮೆಣಸು, ಏಲಕ್ಕಿ ಬೀಸಿದರೆ ಆ ವಾಸನೆ ಹೋಗುವುದಿಲ್ಲ. ಹಲ್ಲುಗಳನ್ನು ನೀರಿನಿಂದ ತೊಳೆಯಬೇಡಿ, ಒಣ ಬ್ರಷ್ ಸಾಕು. ತಿರುಪನ್ನು ಎಸ್ಪ್ರೆಸೊದ ಹದಕ್ಕಿಂತ ಸಾಕಷ್ಟು ಸಡಿಲಿಸಿ ಬೀಸಿ, ಅವ್ವನವರ ಫಿಲ್ಟರಿನಲ್ಲಿ ಚಿಕೋರಿ ಇಲ್ಲದ ಒಂದು ಡಿಕಾಕ್ಷನ್ ಇಳಿಸಿ ನೋಡಿ. ಡಿಕಾಕ್ಷನ್ ಬೇಗ ಇಳಿದು ತೆಳ್ಳಗಾದರೆ ಕೆಲವು ಕ್ಲಿಕ್ ಬಿಗಿ ಮಾಡಿ, ನಿಂತುಬಿಟ್ಟರೆ ಸಡಿಲಿಸಿ, ಪ್ರತಿ ಸಲವೂ ಕ್ಲಿಕ್ಕಿನ ಸಂಖ್ಯೆಯನ್ನು ಬರೆದಿಡಿ. ಬೀಜದ ಪೊಟ್ಟಣವನ್ನು ಮಾತ್ರ 250 ಗ್ರಾಂಗಿಂತ ದೊಡ್ಡದು ತರಿಸಬೇಡಿ. ನಿಯೋ ಬರುವ ವಾರಕ್ಕೆ ಹೊಸದಾಗಿ ಹುರಿದದ್ದು ಬೇಕಾಗುತ್ತದೆ.